ಪ್ಲಾನ್ ಆಮೇಲೆ, ಮೊದಲು ಟವರ್ ಯಾವುದು ಹೇಳಿ

ಓದುಗರ ಪ್ರಶ್ನೆ, ಹಳೇ ಲೈನ್‌ಮನ್ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂಟಿ ಮನೆ. ಟಾರು ರಸ್ತೆಯಿಂದ ತೋಟದೊಳಗೆ ಎರಡೂವರೆ ಕಿಲೋಮೀಟರ್. ನಾಲ್ಕು ವರ್ಷದಿಂದ ಊರಿನ ಕೇಬಲ್‌ನವರ ಫೈಬರ್ ಇದೆ. ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದ್ದಾರೆ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಮಳೆಗಾಲ ಬಂತೆಂದರೆ ವಾರಕ್ಕೊಂದು ಕೊಂಬೆ ಬಿದ್ದು ವೈರು ಹರಿಯುತ್ತದೆ. ಹೋದ ಜುಲೈಯಲ್ಲಿ ಹನ್ನೊಂದು ದಿನ ಇಂಟರ್ನೆಟ್ ಇರಲಿಲ್ಲ. ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಆ ಹನ್ನೊಂದು ದಿನ ಪೇಟೆಯಲ್ಲಿ ಲಾಡ್ಜ್ ಮಾಡಿಕೊಂಡು ಕೂತಳು. ಅತ್ತೆಗೆ ಸಂಜೆ ಟಿವಿ ಆಗಬೇಕು. ಅಡಿಕೆ ಅಂಗಳಕ್ಕೆ ಎರಡು ಕ್ಯಾಮೆರಾ ಹಾಕಿಸಿದ್ದೇವೆ. ಈಗ ಪೇಟೆಯ ಮೊಬೈಲ್ ಅಂಗಡಿಯವನು, 'ಮಾಡಿನ ಮೇಲೆ ಡಬ್ಬಿ ಹಾಕಿಸಿ, ವೈರೇ ಬೇಡ, 100 ಸ್ಪೀಡು, ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಫಿಟ್ಟಿಂಗ್ ಫ್ರೀ' ಎನ್ನುತ್ತಾನೆ. ನಮ್ಮವರು ಫೈಬರ್ ತೆಗೆಸಿಬಿಡೋಣ ಅಂತಾರೆ. ಯಾವ ಪ್ಲಾನ್ ತಗೊಳ್ಳಲಿ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅಕ್ಕಾ, ಪ್ಲಾನಿಗೆ ಆಮೇಲೆ ಬರೋಣ. ಇಷ್ಟುದ್ದ ಬರೆದು ಒಂದು ಮಾತು ಬಿಟ್ಟಿದ್ದೀರಿ. ಆ ಹನ್ನೊಂದು ದಿನ ನಿಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇತ್ತಾ?

ಯಾಕೆ ಕೇಳ್ತೀನಿ ಅಂದರೆ, ಅಂಗಡಿಯವನು ಹೇಳುವ ಡಬ್ಬಿಗೆ ಏರ್ ಫೈಬರ್ ಅಂತಾರೆ, ಅದು ಇಂಟರ್ನೆಟ್ ಹಿಡಿಯುವುದು ಮೊಬೈಲ್ ಟವರಿನಿಂದ. 'ವೈರೇ ಬೇಡ' ಅನ್ನುವುದು ನಿಮ್ಮ ಮನೆಯಿಂದ ಟವರಿನ ತನಕ ಮಾತ್ರ ನಿಜ. ಟವರಿನಿಂದ ಆಚೆಗೆ ಎಲ್ಲೋ ಒಂದು ಕಡೆ ಮತ್ತೆ ವೈರೇ. ಕೆಲವು ಟವರುಗಳಿಗೆ ಫೈಬರ್ ಬಂದಿರುತ್ತದೆ. ಉಳಿದವಕ್ಕೆ ಗುಡ್ಡದಿಂದ ಗುಡ್ಡಕ್ಕೆ ಡಿಶ್ ಇಟ್ಟಿರುತ್ತಾರೆ. ಆ ಫೈಬರ್ ಬಹಳ ಸಲ ನಿಮ್ಮ ಕೇಬಲ್‌ನವರ ಫೈಬರ್ ಬರುವ ರಸ್ತೆಯಲ್ಲೇ ಬಂದಿರುತ್ತದೆ. ಅದೇ ಮರ, ಅದೇ ಗಾಳಿ, ರಸ್ತೆ ಅಗಲ ಮಾಡಲು ಬಂದ ಅದೇ ಜೆಸಿಬಿ. ಟವರಿಗೆ ಕರೆಂಟೂ ಬೇಕು. ಲೈನ್ ಹೋದರೆ ಬ್ಯಾಟರಿ ಕೆಲವು ಗಂಟೆ ನಡೆಸುತ್ತದೆ. ಆಮೇಲೆ ಡೀಸೆಲ್. ರಸ್ತೆಗೆ ಮರ ಬಿದ್ದಿದ್ದರೆ ಡೀಸೆಲ್ ತರುವ ಜೀಪೂ ಬರುವುದಿಲ್ಲ.

ನಾನು ಮೂವತ್ತನಾಲ್ಕು ವರ್ಷ ಟೆಲಿಫೋನ್ ಕೆಲಸ ಮಾಡಿದವನು. ಸೇರಿದಾಗ ಇಲಾಖೆ ಅಂತಿತ್ತು, 2000ದ ಅಕ್ಟೋಬರಿನಲ್ಲಿ ಬಿಎಸ್ಎನ್ಎಲ್ ಆಯಿತು, 2020ರ ಜನವರಿ 31ಕ್ಕೆ ಬಹಳ ಜನರ ಜೊತೆ ನಾನೂ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದೆ. ಆಗುಂಬೆ ಕಡೆಯ ಮಳೆಯಲ್ಲಿ ಕಂಬ ಹತ್ತಿದವನಿಗೆ ಕಾಗದದ ಮೇಲಿನ ಸ್ಪೀಡಿನ ಮೇಲೆ ಅಷ್ಟು ನಂಬಿಕೆ ಇರುವುದಿಲ್ಲ. ಯಾವುದು ಬಿದ್ದಾಗ ಯಾವುದು ನಿಂತಿರುತ್ತದೆ ಅಂತ ಮೊದಲು ನೋಡುತ್ತೇನೆ.

ಹಾಗಾಗಿ ಮಗಳನ್ನೇ ಕೂರಿಸಿಕೊಂಡು ಕೇಳಿ. ಫೋನಿನ ಹಾಟ್‌ಸ್ಪಾಟಿನಲ್ಲೇ ಕೆಲಸ ಆಗುವ ಹಾಗಿದ್ದರೆ ಅವಳು ಲಾಡ್ಜಿಗೆ ಯಾಕೆ ಹೋಗುತ್ತಿದ್ದಳು? 'ಫೋನೂ ಸತ್ತಿತ್ತು' ಅಂದರೆ ಆ ಟವರಿನ ಡಬ್ಬಿ ನಿಮಗೆ ಬೇಡ. ಎರಡೂ ಒಂದೇ ದಿನ ಮಲಗುತ್ತವೆ. 'ಕಾಲ್ ಬರ್ತಿತ್ತು, ನೆಟ್ ಆಮೆ ಥರ ಇತ್ತು' ಅಂದರೆ ಎರಡು ಕಾರಣ ಇರಬಹುದು. ಊರಿನ ಫೈಬರೆಲ್ಲ ಹೋದಾಗ ಎಲ್ಲರೂ ಒಂದೇ ಟವರಿಗೆ ಜೋತುಬಿದ್ದಿರುತ್ತಾರೆ. ಅಥವಾ ನಿಮ್ಮ ಮನೆಯೊಳಗೆ ಸಿಗ್ನಲ್ ಸಣ್ಣದು. ಎರಡನೆಯದಾದರೆ ಡಬ್ಬಿಯಿಂದ ಉಪಯೋಗ ಇದೆ. ಅದು ಮಾಡಿನ ಮೇಲೆ, ಗೋಡೆಯ ಆಚೆ ಇರುತ್ತದೆ. ಅದರ ಆಂಟೆನಾ ಫೋನಿನದಕ್ಕಿಂತ ದೊಡ್ಡದು, ಟವರಿನ ಕಡೆಗೇ ಮುಖ ಮಾಡಿರುತ್ತದೆ. ನಿಮ್ಮ ಫೋನಿನ ಕಂಪನಿ ಬೇರೆ, ಅಂಗಡಿಯವನು ಹೇಳುವ ಡಬ್ಬಿಯ ಕಂಪನಿ ಬೇರೆ ಇದ್ದರೆ, ಆ ದಿನಗಳಲ್ಲಿ ಆ ಕಂಪನಿಯ ಸಿಮ್ ನಡೆಯುತ್ತಿತ್ತಾ ಅಂತ ನೆರೆಮನೆಯಲ್ಲಿ ಕೇಳಿ. ಯಾವ ಬ್ರೋಷರಿನಲ್ಲೂ ಈ ಉತ್ತರ ಸಿಗುವುದಿಲ್ಲ.

ಇನ್ನು ಅಳೆಯುವ ಕೆಲಸ. ಇದನ್ನು ಅಂಗಡಿಯವನು ಮಾಡುವುದಿಲ್ಲ, ನೀವೇ ಮಾಡಬೇಕು. ಆ ಕಂಪನಿಯ ಒಂದು ಸಿಮ್ ತಂದು 5ಜಿ ಫೋನಿಗೆ ಹಾಕಿ. ಆಂಡ್ರಾಯ್ಡ್ ಫೋನಾದರೆ ಸಾಮಾನ್ಯವಾಗಿ ಸೆಟ್ಟಿಂಗ್ಸಿನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಮೈನಸ್ ಲೆಕ್ಕದಲ್ಲಿ ಕಾಣುತ್ತದೆ. ಅದನ್ನು ಸಾಲದ ಲೆಕ್ಕ ಅಂದುಕೊಳ್ಳಿ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಮೈನಸ್ 85 ಚೆನ್ನಾಗಿದೆ. ಮೈನಸ್ 100 ಪರವಾಗಿಲ್ಲ. ಮೈನಸ್ 115 ಅಂದರೆ ಪುಣ್ಯ ಇದ್ದ ದಿನ ನಡೆಯುತ್ತದೆ. ಮೇಲೆ ಕಾಣುವ ನಾಲ್ಕು ಕಡ್ಡಿ ನಂಬಬೇಡಿ. ಒಂದೊಂದು ಫೋನು ಒಂದೊಂದು ಥರ ಕಡ್ಡಿ ತೋರಿಸುತ್ತದೆ. ಹತ್ತು ಅಂಕೆ ಹೆಚ್ಚುಕಮ್ಮಿ ಆಯಿತು ಅಂದರೆ ಬರುವ ಶಕ್ತಿ ಹತ್ತು ಪಟ್ಟು ಹೆಚ್ಚುಕಮ್ಮಿ. ಜಗಲಿಯಲ್ಲಿ ಮೈನಸ್ 105, ಮಾಡಿನ ತುದಿಯಲ್ಲಿ ಮೈನಸ್ 85 ಬಂದರೆ ಮೇಲೆ ನೂರು ಪಟ್ಟು ಜಾಸ್ತಿ ಸಿಗುತ್ತಿದೆ ಎಂದರ್ಥ. ಡಬ್ಬಿ ಮಾಡಿನ ಮೇಲೆ ಯಾಕೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಜಗಲಿ, ಅಟ್ಟ, ಕೊಟ್ಟಿಗೆ ಮಾಡು, ನೀರಿನ ಟ್ಯಾಂಕು, ಎಲ್ಲ ಕಡೆ ನೋಡಿ ಬರೆದಿಡಿ. ತಗಡಿನ ಮಾಡಿನ ಕೆಳಗೆ ನೋಡಿ ಬೇಸರ ಪಡಬೇಡಿ, ತಗಡು ಸಿಗ್ನಲ್ ತಡೆಯುತ್ತದೆ. ಹಾಗೆಯೇ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಏಳಕ್ಕೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತಕ್ಕೆ ಒಂದು. ಬೆಳಿಗ್ಗೆ 90 ಬಂದು ರಾತ್ರಿ 8ಕ್ಕೆ ಇಳಿದರೆ ಅದು ಟವರಿನ ಜನಜಂಗುಳಿ. ಯಾವ ಪ್ಲಾನ್ ತಗೊಂಡರೂ ರಾತ್ರಿ ಹಾಗೇ ಇರುತ್ತದೆ. ಒಂದು ವಾರ ಮಾಡಿ. ಆದರೆ ಮಳೆ ಬಂದ ದಿನ ಖಂಡಿತ ಮಾಡಿ. ನೀರು ಕುಡಿದ ಎಲೆ ಸಿಗ್ನಲ್ಲಿಗೆ ಗೋಡೆ ಇದ್ದ ಹಾಗೆ. ಬೇಸಿಗೆಯಲ್ಲಿ ಸಂತೋಷವಾಗಿ ಹಾಕಿಸಿ ಜೂನ್‌ನಲ್ಲಿ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಕಿವಿಮಾತು. ಫೋನಿನಲ್ಲಿ '5ಜಿ' ಅಂತ ಕಂಡ ಕೂಡಲೇ ಹಿಗ್ಗಬೇಡಿ. ಎಲ್ಲ 5ಜಿ ಒಂದೇ ಅಲ್ಲ. 2022ರ ಹರಾಜಿನಲ್ಲಿ ಕಂಪನಿಗಳು ಕೊಂಡ ರೇಡಿಯೊ ತರಂಗದ ಪಟ್ಟಿಗಳಲ್ಲಿ (ಬ್ಯಾಂಡ್) 700 ಮೆಗಾಹರ್ಟ್ಸ್ ಬಹಳ ದೂರ ಬರುತ್ತದೆ, ಮರ ಗುಡ್ಡಕ್ಕೆ ಅಷ್ಟು ಬಗ್ಗುವುದಿಲ್ಲ. ಆದರೆ ಅದರ ದಾರಿ ಕಿರಿದು, ನೂರಿನ್ನೂರು ಎಂಬಿಪಿಎಸ್ (ಇಂಟರ್ನೆಟ್ ಸ್ಪೀಡಿನ ಅಳತೆ) ಅದರಿಂದ ಕೇಳಬಾರದು. 3300ರ ಪಟ್ಟಿ ಅಗಲ ರಸ್ತೆ. ಆದರೆ ನಡುವೆ ಒಂದು ಗುಡ್ಡ ಬಂದರೆ ಮುಗಿಯಿತು. ಪೇಟೆಯಲ್ಲಿ ಅಂಗಡಿಯವನ ಫೋನಿನಲ್ಲಿ 400 ತೋರಿಸಿದ್ದು ಎರಡನೆಯದು. ನಿಮ್ಮ ತೋಟದಲ್ಲಿ ಸಿಗುವುದು ಮೊದಲನೆಯದೇ ಇರಬಹುದು. ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಅನ್ನುವ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ತೋರಿಸಬೇಕು ಅಂತ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಅದನ್ನೂ ನೋಡಿ. ಆದರೆ ನಕ್ಷೆಗೆ ನಿಮ್ಮ ಮನೆ ಹಿಂದಿನ ಹಲಸಿನ ಮರ ಗೊತ್ತಿಲ್ಲ.

ಸರಿ, ಸಿಗ್ನಲ್ ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳೋಣ. ಈಗ ಡಬ್ಬಿಯಾ, ಡಾಂಗಲ್ಲಾ, ಸುಮ್ನೆ ಫೋನಾ?

ಫೋನಿನ ಪ್ಯಾಕಿನಲ್ಲಿ ದಿನಕ್ಕೆ 2 ಜಿಬಿ ಅಂದರೆ, ಅತ್ತೆ ಒಳ್ಳೆ ಕ್ವಾಲಿಟಿಯಲ್ಲಿ ಟಿವಿ ನೋಡಿದರೆ ನಲವತ್ತು ನಿಮಿಷಕ್ಕೆ ಖಾಲಿ. ಆಮೇಲೆ ಸಾಮಾನ್ಯವಾಗಿ 64 ಕೆಬಿಪಿಎಸ್. ಅದರಲ್ಲಿ ವಾಟ್ಸಾಪ್ ಅಕ್ಷರ ಹೋಗುತ್ತದೆ, ಫೋಟೊ ಹೋಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಡಾಂಗಲ್ ಅಥವಾ ಸಿಮ್ ಹಾಕುವ ರೂಟರ್ ತಂದರೂ ಒಳಗಿರುವುದು ಅದೇ ಸಿಮ್, ಅದೇ ದಿನದ ಲೆಕ್ಕ. ಮಳೆಗಾಲದ ಹತ್ತು ದಿನ ತಳ್ಳಲು ಸಾಕು. ಪೂರ್ತಿ ಸಂಸಾರಕ್ಕೆ ಸಾಲದು.

ಇನ್ನು ಡಬ್ಬಿ, ಏರ್ ಫೈಬರ್. ಹೆಸರೇ ಒಂದು ತಮಾಷೆ, ಇದರಲ್ಲಿ ಏರ್ ಉಂಟು, ಫೈಬರ್ ಇಲ್ಲ. 2023ರಲ್ಲಿ ಏರ್‌ಟೆಲ್, ಜಿಯೊ ಎರಡೂ ಶುರು ಮಾಡಿದವು. ಜಿಯೊ ಆ ವರ್ಷ ಸೆಪ್ಟೆಂಬರ್ 19ರಂದು, ಚೌತಿ ಹೊತ್ತಿನಲ್ಲಿ, ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಬಿಟ್ಟಿತು. ಈಗ ಹಳ್ಳಿಗಳಿಗೂ ಬಂದಿದೆ. ಇದರಲ್ಲಿ ದಿನದ ಮಿತಿ ಇಲ್ಲ, ತಿಂಗಳ ಮಿತಿ ಇದೆ. ಸಾಮಾನ್ಯವಾಗಿ 1000 ಜಿಬಿ. ಫೈಬರ್ ಪ್ಲಾನುಗಳಲ್ಲಿ ಇದು 3300 ಜಿಬಿ ತನಕ ಇರುತ್ತದೆ. ಬೋರ್ಡಿನಲ್ಲಿ 'ಅನ್‌ಲಿಮಿಟೆಡ್' ಅಂತಲೇ ಬರೆದಿರುತ್ತಾರೆ, ಮಿತಿ ಇರುವುದು ಕೆಳಗೆ ಸಣ್ಣ ಅಕ್ಷರದಲ್ಲಿ. ಅದು ಮುಗಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ. 2 ಎಂಬಿಪಿಎಸ್ ಅಂದರೆ ಹೇಗೋ ತಿಂಗಳು ದಾಟಿಸಬಹುದು. 64 ಕೆಬಿಪಿಎಸ್ ಅಂದರೆ ಬಾಗಿಲು ಹಾಕಿದ ಹಾಗೆ.

ನಿಮ್ಮ ಮನೆಗೆ 1000 ಸಾಕಾ? ಲೆಕ್ಕ ಹಾಕಿದೆ. ಮಗಳು ದಿನಕ್ಕೆ ನಾಲ್ಕು ಗಂಟೆ ವಿಡಿಯೊ ಮೀಟಿಂಗ್, ಗಂಟೆಗೆ ಸುಮಾರು 1 ಜಿಬಿ, ತಿಂಗಳಿಗೆ 22 ದಿನ. ಅಲ್ಲಿಗೆ ಹತ್ತಿರ ಹತ್ತಿರ 90 ಜಿಬಿ. ಟಿವಿ ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ 3 ಜಿಬಿ ಎಂದರೆ 360. ಎರಡೂ ಸೇರಿ 450. ಆರಾಮ. ಆದರೆ ಮನೆಯ ಕಳ್ಳ ಆ ಕ್ಯಾಮೆರಾಗಳು. ಒಂದು ಕ್ಯಾಮೆರಾ 1 ಎಂಬಿಪಿಎಸ್‌ನಲ್ಲಿ ಹಗಲು ರಾತ್ರಿ ಇಂಟರ್ನೆಟ್ಟಿಗೆ ಕಳಿಸುತ್ತಾ ಕೂತರೆ ದಿನಕ್ಕೆ 10.8 ಜಿಬಿ. ತಿಂಗಳಿಗೆ 324. ಎರಡಕ್ಕೆ 648. ಎಲ್ಲ ಸೇರಿ ಸಾವಿರ ದಾಟಿತು! ಅಡಿಕೆ ಕದಿಯುವವನು ಬರುವ ಮೊದಲೇ ಕ್ಯಾಮೆರಾ ನಿಮ್ಮ ಡೇಟಾ ಕದ್ದಿರುತ್ತದೆ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿಗೆ ರೆಕಾರ್ಡ್ ಆಗಲಿ, ಏನಾದರೂ ಅಲುಗಾಡಿದಾಗ ಮಾತ್ರ ಫೋನಿಗೆ ಕಳಿಸಲಿ. ಹಾಗೆ ಸೆಟ್ ಮಾಡಿಸಿ. ಬಾವಲಿ, ಬೆಕ್ಕು ಎಲ್ಲ ಬರುತ್ತವೆ, ಆದರೂ ಲೆಕ್ಕ ಎಷ್ಟೋ ಕಮ್ಮಿ.

ಸ್ಪೀಡಿನ ವಿಷಯಕ್ಕೆ ಬಂದರೆ, ನಿಮಗೆ 100 ಬೇಕಾಗಿಲ್ಲ. ಮೀಟಿಂಗಿಗೆ ಮೂರು-ನಾಲ್ಕು ಎಂಬಿಪಿಎಸ್ ಹೋಗಿ ಬಂದರೆ ಧಾರಾಳ. 'ಹೋಗಿ' ಅನ್ನುವ ಮಾತು ಗಮನಿಸಿ. ಫೈಬರ್‌ನಲ್ಲಿ ಬರುವ ವೇಗ, ಹೋಗುವ ವೇಗ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಗಾಳಿಯಲ್ಲಿ ಹೋಗುವುದು ಯಾವಾಗಲೂ ಬಡವ. ಸ್ಪೀಡ್ ಟೆಸ್ಟಿನಲ್ಲಿ ಎಲ್ಲರೂ ಮೊದಲ ಅಂಕೆ ನೋಡಿ ಖುಷಿ ಪಡುತ್ತಾರೆ. ಮಗಳ ಕೆಲಸಕ್ಕೆ ಬೇಕಾದದ್ದು ಎರಡನೆಯದು, ಅಪ್‌ಲೋಡ್. ರಾತ್ರಿಯ ಹೊತ್ತೂ ಅದು 5ರ ಮೇಲೆ ನಿಂತರೆ 30ರ ಪ್ಲಾನ್ ಸಾಕು. ನೂರರದ್ದಕ್ಕೆ ಹೋಗಬೇಡಿ. ಬೆಲೆ ಕೇಳುವಾಗಲೂ ಜೋಪಾನ. 599 ಅಂತ ಬೋರ್ಡಿದ್ದರೆ ಶೇ 18ರ ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 707.

ಇನ್ನು ಡಬ್ಬಿ ಕೂರಿಸುವ ಕಥೆ. 2000ದ ಆಚೀಚೆ ನಾವು ಒಳಹಳ್ಳಿಗಳಿಗೆ ಡಬ್ಲ್ಯುಎಲ್‌ಎಲ್ ಫೋನು ಕೊಟ್ಟೆವು, ಅಂದರೆ ತಂತಿ ಇಲ್ಲದ ಮನೆ ಫೋನು. ಸಿಗ್ನಲ್ ಸಿಗದ ಮನೆಗಳಿಗೆ ಮೇಲೆ ಆಂಟೆನಾ. ಒಬ್ಬ ಯಜಮಾನರು ಪೈಪಿಗೆ ದುಡ್ಡು ಯಾಕೆ ಅಂತ ಅಡಿಕೆ ಮರಕ್ಕೇ ಕಟ್ಟಿಸಿದರು. ನಾನೂ ಕಟ್ಟಿದೆ, ಸುಳ್ಳು ಯಾಕೆ ಹೇಳಲಿ. ಗಾಳಿಗೆ ಮರ ತೂಗಿದಾಗೆಲ್ಲ ಮಾತೂ ತೂಗುತ್ತಿತ್ತು. ಮುಂಬಯಿಯಲ್ಲಿದ್ದ ಅವರ ಮಗ 'ಅಪ್ಪಾ ನೀವು ಉಯ್ಯಾಲೆ ಮೇಲಿದ್ದೀರಾ' ಅಂತ ಕೇಳಿದ್ದನಂತೆ. ಆದ್ದರಿಂದ ಡಬ್ಬಿಗೆ ಕಬ್ಬಿಣದ ಪೈಪು, ಗೋಡೆಗೆ ಕ್ಲಾಂಪು. ಮರ ಬೇಡ, ದೋಟಿಯ ಬಿದಿರೂ ಬೇಡ. ನಡುವೆ ಬರುವ ಅಡಿಕೆ ಸಸಿ ನೋಡಿಕೊಳ್ಳಿ. ಇವತ್ತು ಸೊಂಟದೆತ್ತರ ಇದ್ದದ್ದು ಆರು ವರ್ಷಕ್ಕೆ ಡಬ್ಬಿಯ ಮುಖಕ್ಕೇ ಬರುತ್ತದೆ.

ಸಿಡಿಲು ಮರೆಯಬೇಡಿ. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಮಾಡಿನ ಡಬ್ಬಿಗೆ ಹೋಗುವುದು ತಾಮ್ರದ ಕೇಬಲ್, ಅದರಲ್ಲೇ ಕರೆಂಟೂ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ನಾವು ತಂದುಕೊಡುತ್ತಿದ್ದ ಹೊಸ ಫೋನುಗಳು ಎಷ್ಟು ಸುಟ್ಟಿವೆಯೋ ಲೆಕ್ಕ ಇಟ್ಟಿಲ್ಲ. ಅಜ್ಜಿಯಂದಿರು ಗುಡುಗಿದ ಕೂಡಲೇ ಫೋನಿನ ಪಿನ್ ಕಿತ್ತಿಡುತ್ತಿದ್ದರಲ್ಲ, ನೀವೂ ಹಾಗೇ ಮಾಡಿ, ಆದರೆ ಗುಡುಗು ಶುರುವಾಗುವ ಮೊದಲೇ. ಗೋಡೆಯ ಪ್ಲಗ್ಗೂ ತೆಗೆಯಿರಿ, ಮೇಲಿಂದ ಬರುವ ಕೇಬಲನ್ನೂ ಅಡಾಪ್ಟರಿನಿಂದ ಬಿಡಿಸಿ. ಮನೆಗೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟು ಹೋದರೆ ಒಳಗಿನ ರೂಟರಿಗೂ ಮೇಲಿನ ಡಬ್ಬಿಗೂ ಎರಡಕ್ಕೂ ಬೇಕು, ಎರಡರ ಪ್ಲಗ್ಗೂ ಇನ್ವರ್ಟರ್ ಲೈನಿಗೇ ಬರಲಿ.

ಕೊನೆಗೆ ಆರು ತಿಂಗಳ ದುಡ್ಡು. ಕಟ್ಟಬೇಡಿ. ಫಿಟ್ಟಿಂಗಿಗೆ ಸಾವಿರ ರೂಪಾಯಿ ಹೋಗಲಿ, ತಿಂಗಳ ಲೆಕ್ಕದಲ್ಲಿ ತಗೊಳ್ಳಿ. ಜೂನ್ ಮೊದಲ ವಾರ ಹಾಕಿಸಿ. ಫೈಬರನ್ನು ಅವರ ಹತ್ತಿರ ಇರುವ ಎಲ್ಲಕ್ಕಿಂತ ಕಮ್ಮಿ ಪ್ಲಾನಿಗೆ ಇಳಿಸಿ, ತೆಗೆಸಬೇಡಿ. ಎರಡೂವರೆ ಕಿಲೋಮೀಟರ್ ಒಂದು ಸಲ ಕಿತ್ತರೆ ಒಂದೇ ಮನೆಗಾಗಿ ಮತ್ತೆ ಯಾರೂ ಎಳೆದು ಕೊಡುವುದಿಲ್ಲ. ಸೆಪ್ಟೆಂಬರ್ ತನಕ ಎರಡೂ ಇರಲಿ. ಯಾವ ದಿನ ಯಾವುದು ಹೋಯಿತು ಅಂತ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಲು ಮಗಳಿಗೆ ಹೇಳಿ. ಡಬ್ಬಿ ಮಳೆಗಾಲ ದಾಟಿತು ಅಂದರೆ ಆಗ ಯಜಮಾನರ ಮಾತು ಕೇಳಿ. ದಾಟಲಿಲ್ಲವೆಂದರೆ ಡಬ್ಬಿ ವಾಪಸ್ ಕೊಡಿ. ಅದು ಬಹಳ ಸಲ ಕಂಪನಿಯದೇ ಆಗಿರುತ್ತದೆ, ವಾಪಸ್ ಪಡೆದ ರಸೀದಿ ಇಸ್ಕೊಳ್ಳಿ. ಡಬ್ಬಿಗೆ ಹೋಗುವ ದುಡ್ಡಿನಲ್ಲಿ ಅಕ್ಕಪಕ್ಕದ ಮನೆಯವರ ಜೊತೆ ಸೇರಿ ಫೈಬರನ್ನು ಮರದಿಂದ ಇಳಿಸಿ ಕಂಬಕ್ಕೆ ಹಾಕಿಸುವ ಮಾತಾಡಿ. ಹಳೇ ಲೈನ್‌ಮನ್ ಆಗಿ ನನಗೆ ಅದೇ ಇಷ್ಟ. ಆದರೆ ನನ್ನ ಇಷ್ಟ ಕಟ್ಟಿಕೊಂಡು ನಿಮಗೇನು.

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಇಬ್ಬರು ಗೆಳೆಯರು ಬಾಡಿಗೆಗಿದ್ದೇವೆ. ಗ್ರೌಂಡ್ ಫ್ಲೋರ್. ಓನರ್ ಟೆರೇಸಿಗೆ ಬಿಡಲ್ಲ, ಗೋಡೆಗೆ ತೂತು ಮಾಡಬೇಡಿ ಅಂತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್. ಅನ್‌ಲಿಮಿಟೆಡ್ 5ಜಿ ಪ್ಯಾಕ್ ಇರುವ ಫೋನಿನ ಹಾಟ್‌ಸ್ಪಾಟಿನಲ್ಲೇ ಓಡಿಸಬಹುದಾ?

ಉತ್ತರ: ಸ್ವಲ್ಪ ದಿನ ಓಡುತ್ತದೆ ಮರಿ. ಆದರೆ ಆ 'ಅನ್‌ಲಿಮಿಟೆಡ್' ಫೋನು 5ಜಿ ಹಿಡಿದಿರುವ ತನಕ ಮಾತ್ರ. ನಿಮ್ಮದು ಗ್ರೌಂಡ್ ಫ್ಲೋರ್, ಸುತ್ತ ನಾಲ್ಕು ಮಹಡಿ. ಒಳರೂಮಿಗೆ ಹೋದ ಕೂಡಲೇ ಫೋನು 4ಜಿಗೆ ಜಾರುತ್ತದೆ. ಆಗ ದಿನದ 2 ಜಿಬಿಯಿಂದ ಕಳೆಯುತ್ತಾ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇಡೀ ದಿನ ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಇಟ್ಟರೆ ಬ್ಯಾಟರಿ ಕಾದು ಉಬ್ಬಬಹುದು. ಉಬ್ಬಿದ ಮೇಲೆ ಆ ಫೋನು ಮುಟ್ಟಬೇಡಿ.

ವಿಜಯನಗರದಂಥ ಕಡೆ ನಾನಾದರೆ ಫೈಬರೇ ತಗೊಳ್ಳುತ್ತೇನೆ. ಮೇಲಿನ ಮನೆಗೆ ಯಾವ ಕಂಪನಿಯದು ಬಂದಿದೆ ನೋಡಿ, ಅವರನ್ನೇ ಕರೆಯಿರಿ. ಮನೆಯೊಳಗೆ ಬರುವ ಫೈಬರ್ ಶಾವಿಗೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಕಿಟಕಿ ಸಂದಿಯಲ್ಲೋ ಹಳೇ ಟಿವಿ ಕೇಬಲಿನ ತೂತಿನಲ್ಲೋ ಬರುತ್ತದೆ. ಓನರಿಗೆ ಮೊದಲೇ ತೋರಿಸಿ ಒಪ್ಪಿಸಿ. ವರ್ಷದ ಪ್ಲಾನ್ ಬೇಡ, ಅಗ್ರಿಮೆಂಟ್ ಮುಗಿಯುವುದು ಹನ್ನೊಂದಕ್ಕೆ ಅಲ್ವಾ. ಮೂರು ತಿಂಗಳದ್ದು ಸಿಕ್ಕರೆ ಸಾಕು. ಸಾಮಾನು ಕಟ್ಟುವ ದಿನ ರೂಟರ್ ವಾಪಸ್ ಕೊಡುವುದನ್ನು ಮರೆತು ಡೆಪಾಸಿಟ್ ಕಳಕೊಂಡವರು ತುಂಬಾ ಜನ.

ಪ್ರಶ್ನೆ: ನಾನು ಹಾವೇರಿಯ ನಿವೃತ್ತ ಮೇಷ್ಟ್ರು. ಹೊಸದಾಗಿ ಏರ್ ಫೈಬರ್ ಹಾಕಿಸಿದೆ. 100 ಸ್ಪೀಡ್ ಅಂದರು. ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ಏನೋ ಇಳಿಸುವಾಗ ನೋಡಿದರೆ ಬರೀ 12! ಅಂಗಡಿಗೆ ಹೋಗಿ ಚೆನ್ನಾಗಿ ಬೈದು ಬಂದೆ. ದೂರು ಎಲ್ಲಿ ಕೊಡಬೇಕು?

ಉತ್ತರ: ಮೇಷ್ಟ್ರೇ, ನೂರನ್ನು ಎಂಟರಿಂದ ಭಾಗಿಸಿ. ಹನ್ನೆರಡೂವರೆ ಬಂತಾ? ಕಂಪನಿ ಲೆಕ್ಕ ಹೇಳುವುದು ಬಿಟ್‌ನಲ್ಲಿ, ಲ್ಯಾಪ್‌ಟಾಪ್ ತೋರಿಸುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಿಮಗೆ ಹೆಚ್ಚುಕಮ್ಮಿ ನೂರಕ್ಕೆ ನೂರೇ ಬರುತ್ತಿದೆ. ದೂರು ಬೇಡ. ಸಂಜೆ ಆ ಅಂಗಡಿಯವನಿಗೆ ಒಂದು ಚಹಾ ಕುಡಿಸಿ ಬನ್ನಿ.